ಜಾರಿದ್ದೋ, ಎಡವಿದ್ದೋ, ಕುಸಿದದ್ದೋ?

ಅತ್ತೆಯ ಮೊಣಕೈ ಮೇಲೆ ನೇರಳೆಹಣ್ಣು ಹಿಚುಕಿದಂಥ ಕಲೆ ಇತ್ತು. ಸೆರಗನ್ನು ಅದರ ಮೇಲೆ ಎಳೆದುಕೊಂಡೇ ಚಹಾದ ಕಪ್ಪು ಚಾಚಿದರು. ಏನಾಯಿತೆಂದು ಕೇಳಿದೆ. "ಏನಿಲ್ಲ ಬಿಡೋ, ಬಾಗಲಾ ಬಡೀತು" ಎಂದರು. ಬಾಗಿಲು ಬಡಿದರೆ ಅಂಗೈಯಗಲದ ಕಲೆ ಆಗುವುದಿಲ್ಲ. ನಾನು ಚಹಾ ಕುಡಿಯುತ್ತ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ದನಿ ತಗ್ಗಿಸಿದರು: "ಬಚ್ಚಲದಾಗ ಬಿದ್ದಿದ್ದೆ. ಅವಂಗ ಹೇಳಬ್ಯಾಡ ಮತ್ತ."

ಅವ ಎಂದರೆ ಮಗ. ಪಕ್ಕದ ಕೋಣೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಆಫೀಸಿನ ಮೀಟಿಂಗ್‌ನಲ್ಲಿದ್ದ. ತಾಯಿ ಬಿದ್ದು ಹನ್ನೊಂದು ದಿನವಾಗಿತ್ತು. ಒಂದೇ ಮನೆಯಲ್ಲಿದ್ದೂ ಅವನಿಗೆ ಗೊತ್ತಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅತ್ತೆ ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. "ಹೇಳಿದ್ರ ಒಬ್ಬಾಕಿನ್ನ ಎಲ್ಲೂ ಬಿಡಂಗಿಲ್ಲ. ಗುಡೀಗೂ ಹೋಗಬ್ಯಾಡ, ಕಾಚಿಗುಡಕ್ಕೂ ಹೋಗಬ್ಯಾಡ ಅಂತಾನ. ಅದಕ್ಕಿಂತ ಬಿದ್ದದ್ದೇ ಚಲೋ." ಕಲಬುರಗಿಯಿಂದ ಮದುವೆಯಾಗಿ ಬಂದ ಮೇಲೆ ಅವರು ಕಾಚಿಗುಡದಲ್ಲೇ ಐವತ್ತು ವರ್ಷ ಕಳೆದವರು. ನೃಪತುಂಗ ಶಾಲೆಯ ಗಂಟೆ ಕೇಳಿ ಹೊತ್ತು ಎಣಿಸಿದವರು, ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಮುಂದಿನ ಸಾಲಿನಲ್ಲಿ ಕೂತವರು. ಮಾವ ತೀರಿಕೊಂಡ ಮೇಲೆ ಮಗ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಬಂದ. ಊರು ಅದೇ ಹೈದರಾಬಾದು, ಆದರೆ ಕಾಲ ಕೆಳಗಿನ ನೆಲ ಬೇರೆ.

ವಯಸ್ಸಾದವರು ಬೀಳುವುದನ್ನು ತಡೆಯುವುದು ಹೇಗೆ ಎಂದು ವೈದ್ಯರನ್ನು ಕೇಳಿದರೆ ಹಲವು ಉಪಾಯ ಹೇಳುತ್ತಾರೆ. ಅವೆಲ್ಲ ಶುರುವಾಗುವುದು ಮೊದಲ ಸಲ ಬಿದ್ದ ಸುದ್ದಿ ಯಾರಿಗಾದರೂ ತಿಳಿದ ಮೇಲೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಇಮ್ಮಡಿಯಾಗುತ್ತದೆ, ಆದರೂ ಬಿದ್ದವರಲ್ಲಿ ಅರ್ಧದಷ್ಟು ಜನ ಕೂಡ ವೈದ್ಯರಿಗೆ ಹೇಳುವುದಿಲ್ಲ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ನಮ್ಮಲ್ಲಿ ವೈದ್ಯರ ಮಾತು ಹಾಗಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಹೇಳುವುದಿಲ್ಲ. ಸೊಂಟ ಮುರಿಯುವಂತೆ ಬೀಳುವುದು ಬಹಳ ಸಲ ಮೊದಲನೆಯದಲ್ಲ. ಅದಕ್ಕೂ ಮೊದಲು ಎರಡು ಮೂರು ಸಲ ಬಿದ್ದಿರುತ್ತಾರೆ, ಸೆರಗಿನಡಿ ಮುಚ್ಚಿಟ್ಟಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಹೀಗೆ ಸಾಯುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹೆಲ್ಮೆಟ್ ಬಗ್ಗೆ ಊರೆಲ್ಲ ಬೋರ್ಡು ಹಾಕುತ್ತೇವೆ, ಬಚ್ಚಲುಮನೆಯ ಬಗ್ಗೆ ಒಂದು ಬೋರ್ಡನ್ನೂ ನಾನು ಕಂಡಿಲ್ಲ.

ಬಚ್ಚಲಿಗೆ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. 2023ರ ಡಿಸೆಂಬರ್ 7ರ ರಾತ್ರಿ, ತೆಲಂಗಾಣದ ಮೊದಲ ಮುಖ್ಯಮಂತ್ರಿಯಾಗಿದ್ದ ಕೆ. ಚಂದ್ರಶೇಖರ ರಾವ್ ಎರ್ರವೆಲ್ಲಿಯ ತಮ್ಮ ತೋಟದ ಮನೆಯ ಬಚ್ಚಲಲ್ಲಿ ಬಿದ್ದರು. ಆಗ ಅವರಿಗೆ 69 ವರ್ಷ. ಎಡಗಡೆಯ ಸೊಂಟದ ಕೀಲು ಮುರಿದಿತ್ತು. ಮರುದಿನವೇ ಸೋಮಾಜಿಗುಡದ ಯಶೋದಾ ಆಸ್ಪತ್ರೆಯಲ್ಲಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು, ಅದರ ಮರುದಿನ ವಾಕರ್ ಹಿಡಿದು ಅವರು ಹೆಜ್ಜೆ ಹಾಕುವ ದೃಶ್ಯವನ್ನು ರಾಜ್ಯವೆಲ್ಲ ಟಿ.ವಿ.ಯಲ್ಲಿ ನೋಡಿತು. 2024ರ ಫೆಬ್ರವರಿ 1ರಂದು ಶಾಸಕರಾಗಿ ಪ್ರಮಾಣವಚನಕ್ಕೆ ಬಂದಾಗ ಕೈಯಲ್ಲಿ ಊರುಗೋಲಿತ್ತು. ಆಳುಕಾಳು, ಕಾರು, ಆಸ್ಪತ್ರೆ ಎಲ್ಲವೂ ಕರೆದ ಕೂಡಲೇ ಸಿಗುವ ಮನುಷ್ಯನ ಕಥೆ ಇದು. ಇವೇನೂ ಕೈಗೆಟುಕದ ಮನೆಯಲ್ಲಿ, ಗಂಡು ಮಕ್ಕಳು ಕೆಲಸಕ್ಕೆ ಹೋದ ಹೊತ್ತಲ್ಲಿ, ಒಳಗಿನಿಂದ ಚಿಲಕ ಹಾಕಿದ ಬಚ್ಚಲಲ್ಲಿ ಬಿದ್ದವರ ಗತಿ ಏನಾಗಬಹುದು?

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಕನ್ನಡದಲ್ಲಿ ಮನುಷ್ಯ ಬರೀ ಬೀಳುವುದಿಲ್ಲ. ಜಾರಿ ಬೀಳುತ್ತಾನೆ, ಎಡವಿ ಬೀಳುತ್ತಾನೆ, ಮುಗ್ಗರಿಸುತ್ತಾನೆ, ಆಯತಪ್ಪುತ್ತಾನೆ, ತಲೆ ಸುತ್ತಿ ಬೀಳುತ್ತಾನೆ, ಕುಸಿದು ಬೀಳುತ್ತಾನೆ. ಒಳ್ಳೆಯ ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಇದೇ: ಬೀಳುವ ಮುಂಚಿನ ಕ್ಷಣ ಏನಾಯಿತು? ಜಾರಿದ್ದಾದರೆ ನೆಲವನ್ನು ನೋಡಬೇಕು. ಎಡವಿದ್ದಾದರೆ ಕಣ್ಣನ್ನೂ ಪಾದವನ್ನೂ ನೋಡಬೇಕು. ಕುಸಿದದ್ದಾದರೆ ರಕ್ತದೊತ್ತಡವನ್ನು, ಗುಂಡಿಗೆಯನ್ನು, ಮಾತ್ರೆಯ ಡಬ್ಬಿಯನ್ನು ನೋಡಬೇಕು. "ವಯಸ್ಸಾಯ್ತು, ಬಿದ್ದರು" ಎಂದುಬಿಟ್ಟರೆ ಏನನ್ನೂ ನೋಡಿದಂತಾಗಲಿಲ್ಲ. ಅತ್ತೆಯನ್ನು ನಾನು ಮತ್ತೆ ಕೇಳಿದೆ: "ಜಾರಿದ್ಯೋ, ಎಡವಿದ್ಯೋ?" ಒಂದು ಕ್ಷಣ ಯೋಚಿಸಿ ಹೇಳಿದರು: "ಜಾರಿದೆ. ಸಾಬಾಣ ನೀರು ಇತ್ತು. ಹಿಡಕೊಳ್ಳಾಕ ಏನೂ ಇರ್ಲಿಲ್ಲ."

ಹಾಗಾದರೆ ನೆಲದ ಮಾತಾಡೋಣ. ಹೈದರಾಬಾದಿನ ಹಳೆಯ ಮನೆಗಳ ನೆಲ ನಮ್ಮ ಕಡೆಯಿಂದ ಬಂದದ್ದು. ಕಲಬುರಗಿ ಜಿಲ್ಲೆಯ ಶಹಾಬಾದಿನ ಪರ್ಸಿ, ಗಡಿಯಾಚೆ ವಿಕಾರಾಬಾದ್ ಜಿಲ್ಲೆಯ ತಾಂಡೂರಿನ ಕಲ್ಲು, ಎರಡೂ ಸುಣ್ಣಕಲ್ಲಿನ ಹಾಸುಗಳು. ಪಾಲಿಶ್ ಮಾಡದೆ ಹಾಸಿದ ಶಹಾಬಾದ್ ಕಲ್ಲಿನ ಮೈಯಲ್ಲಿ ಸಣ್ಣ ಏರುತಗ್ಗು ಇರುತ್ತದೆ, ಅಂಗಾಲಿಗೆ ಅದು ಹಿಡಿತ ಕೊಡುತ್ತದೆ. ಕಾಚಿಗುಡದ ಮನೆಯ ಬಚ್ಚಲಲ್ಲಿ ಅದೇ ಕಲ್ಲಿತ್ತು. ಹಂಡೆಯ ಪಕ್ಕ ಗೋಡೆಗೆ ಒಂದು ಕಟ್ಟೆ ಇತ್ತು, ಏಳುವಾಗ ಅದರ ಮೇಲೆ ಕೈ ಊರುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೂತು ಸ್ನಾನ ಮಾಡುತ್ತಿದ್ದರು. ಗಚ್ಚಿಬೌಲಿಯ ಬಚ್ಚಲಿಗೆ ಕನ್ನಡಿಯಂತೆ ಹೊಳೆಯುವ ಟೈಲ್ಸ್, ಗಾಜಿನ ಬಾಗಿಲು, ತಲೆಯ ಮೇಲಿಂದ ಸುರಿಯುವ ಶವರ್. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಬಾಗಿಸಿ, ಸೋಪು ಹರಿದ ನೆಲದ ಮೇಲೆ ನಿಂತುಕೊಂಡು ಮೀಯಬೇಕು. ಎಪ್ಪತ್ತು ದಾಟಿದವರ ಮೈ ಆಯ ಹಿಡಿಯಲು ಕಣ್ಣನ್ನು ನಂಬಿಕೊಂಡಿರುತ್ತದೆ. ಕಣ್ಣು ಮುಚ್ಚಿದರೆ ಅರ್ಧ ಆಧಾರ ಹೋಯಿತು.

ಹಳೆಯ ಕಲ್ಲೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ಹೇಳುತ್ತಿಲ್ಲ. ಶಹಾಬಾದ್ ಕಲ್ಲೂ ಪಾಚಿ ಹಿಡಿದರೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಹಳೆಯ ಮನೆಯ ಎತ್ತರದ ಹೊಸ್ತಿಲು ಎಷ್ಟು ಜನರ ಕಾಲ್ಬೆರಳು ಮುರಿದಿದೆಯೋ ಲೆಕ್ಕವಿಲ್ಲ. ತಗ್ಗಿನ ಮಣೆಯ ಮೇಲೆ ಕೂತರೆ ಮಂಡಿನೋವಿನವರಿಗೆ ಏಳುವುದೇ ಒಂದು ಸಾಹಸ. ಆದರೆ ಕೂತು ಸ್ನಾನ ಮಾಡುವ ನಮ್ಮ ರೂಢಿಯನ್ನು ಟೈಲ್ಸಿನ ಹೊಳಪಿಗಾಗಿ ಬಿಟ್ಟುಕೊಟ್ಟದ್ದು ನಷ್ಟವೇ. ಮಣೆಯ ಜಾಗಕ್ಕೆ ಮೊಣಕಾಲೆತ್ತರದ, ಕಾಲಿಗೆ ರಬ್ಬರಿರುವ ಗಟ್ಟಿ ಸ್ಟೂಲು ಬಂದರೆ ಆ ರೂಢಿ ಮರಳಿ ಬರುತ್ತದೆ.

ಹಿಡಿದುಕೊಳ್ಳುವ ಕಂಬಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲೇ ಬಹಳ ಜನ ತಪ್ಪುತ್ತಾರೆ. ಟವೆಲ್ ಹಾಕುವ ರಾಡು ಕಂಬಿಯಲ್ಲ. ಬೀಳುವ ಮನುಷ್ಯ ಹಿಡಿದರೆ ಅದು ಮೊಳೆ ಸಮೇತ ಕೈಗೆ ಬರುತ್ತದೆ, ಮನುಷ್ಯನೂ ರಾಡೂ ಒಟ್ಟಿಗೆ ಬೀಳುತ್ತಾರೆ. ಹೀರುಬಟ್ಟಲಿನಂತೆ ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಹಿಡಿಕೆಯನ್ನೂ ನಂಬಬಾರದು. ಸ್ಟೀಲಿನ ಕಂಬಿ ಬೇಕು, ಇಟ್ಟಿಗೆ ಅಥವಾ ಕಾಂಕ್ರೀಟಿನೊಳಕ್ಕೆ ಡ್ರಿಲ್ ಮಾಡಿ ಕೂರಿಸಬೇಕು, ಗೋಡೆಗೂ ಕಂಬಿಗೂ ನಡುವೆ ಬೆರಳು ಸರಾಗವಾಗಿ ಸುತ್ತುವಷ್ಟು ಸಂದು ಇರಬೇಕು. ಎಲ್ಲಿ ಹಾಕಬೇಕೆಂಬುದನ್ನು ಪ್ಲಂಬರ್ ಹೇಳಬಾರದು, ಮಗನೂ ಹೇಳಬಾರದು. ಬಳಸುವವರನ್ನು ಬಟ್ಟೆ ತೊಟ್ಟೇ ಒಮ್ಮೆ ಕಮೋಡಿನ ಮೇಲೆ ಕೂರಿಸಿ ಏಳಿಸಬೇಕು, ಸ್ನಾನದ ಜಾಗಕ್ಕೆ ಹೋಗಿ ತಿರುಗಿ ಬರಲು ಹೇಳಬೇಕು. ಅವರ ಕೈ ತಾನಾಗಿ ಎಲ್ಲಿ ಗೋಡೆ ಹುಡುಕುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ಅತ್ತೆಯ ಕೈ ಮೂರು ಕಡೆ ಹುಡುಕಿತು. ಅದರಲ್ಲೊಂದು ಬಾಗಿಲ ಹೊರಗೆ, ಒದ್ದೆ ಕಾಲಲ್ಲಿ ಕಾಲೊರಸಿನ ಮೇಲೆ ಹೆಜ್ಜೆಯಿಡುವ ಜಾಗ. ಅದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಮನೆಯನ್ನು ಹೀಗೆ ತಿದ್ದಿದರೆ ನಿಜಕ್ಕೂ ಉಪಯೋಗವಾಗುತ್ತದೆಯೇ? 2023ರಲ್ಲಿ ಕಾಕ್ರೇನ್ ಸಂಸ್ಥೆ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿತು. ಮನೆಯೊಳಗಿನ ಅಪಾಯಗಳನ್ನು ತೆಗೆದಾಗ ಬೀಳುವುದು ನೂರಕ್ಕೆ 26ರಷ್ಟು ಇಳಿದಿತ್ತು, ಈಗಾಗಲೇ ಬಿದ್ದವರಂಥ ಹೆಚ್ಚು ಅಪಾಯದವರಲ್ಲಿ 38ರಷ್ಟು. ಯಾವ ಮಾತ್ರೆಯೂ ಇಷ್ಟು ಮಾಡುವುದಿಲ್ಲ.

ಹೈದರಾಬಾದಿನ ಮನೆಗಳಿಗೆ ಇನ್ನೊಂದು ಅಪಾಯ ನೀರಿನದು. ಊರಿನ ಬಹಳ ಬಡಾವಣೆಗಳಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಸ್ವಲ್ಪ ಹೊತ್ತು. ನೀರು ಬಂತು ಎಂದ ಕೂಡಲೇ ಮನೆಯಲ್ಲಿ ಒಂದು ಗಡಿಬಿಡಿ. ಡ್ರಮ್ಮು ತುಂಬಬೇಕು, ಪೈಪು ಎಳೆಯಬೇಕು, ಸಂಪಿನ ಮುಚ್ಚಳ ತೆಗೆಯಬೇಕು. ಹಿತ್ತಲೆಲ್ಲ ಒದ್ದೆ, ಪೈಪು ಕಾಲಿಗೆ ತೊಡರುತ್ತದೆ, ತುಂಬಿದ ಕೊಡ ಒಂದೇ ಕೈಯಲ್ಲಿ. ಮನೆಯಲ್ಲಿ ಆ ಹೊತ್ತಿಗೆ ಇರುವವರು ಮುದುಕರೇ, ಹೀಗಾಗಿ ಆ ಕೆಲಸವೂ ಅವರದೇ. ಕಾಚಿಗುಡದ ಅತ್ತೆಯ ಹಳೆಯ ನೆರೆಯವರೊಬ್ಬರು ಮಣಿಕಟ್ಟು ಮುರಿದುಕೊಂಡದ್ದು ನೀರು ಬಿಡುವ ದಿನವೇ.

ಎಡವುವುದರ ಮಾತಿಗೆ ಬಂದರೆ, ಕಣ್ಣಿನ ವಿಷಯದಲ್ಲಿ ಈ ಊರು ಜಗತ್ತಿಗೆ ಪಾಠ ಹೇಳುವಷ್ಟು ಕೆಲಸ ಮಾಡಿದೆ. 1987ರಲ್ಲಿ ಡಾ. ಗುಳ್ಳಪಲ್ಲಿ ಎನ್. ರಾವ್ ಇಲ್ಲಿ ಕಟ್ಟಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಸಂಶೋಧಕರು ನಗರದ ನಲವತ್ತರಷ್ಟು ವೃದ್ಧಾಶ್ರಮಗಳಿಗೆ ಹೋಗಿ ಸಾವಿರಕ್ಕೂ ಹೆಚ್ಚು ಹಿರಿಯರ ಕಣ್ಣು ಪರೀಕ್ಷಿಸಿದರು. ಹತ್ತರಲ್ಲಿ ಸುಮಾರು ಮೂವರಿಗೆ ದೃಷ್ಟಿ ಕುಂದಿತ್ತು. ಅದರಲ್ಲಿ ಬಹುಪಾಲು ಪೊರೆಯದು, ಇಲ್ಲವೇ ಸರಿಯಾದ ಕನ್ನಡಕ ಇಲ್ಲದ್ದರಿಂದ ಆದದ್ದು. ಅಂದರೆ ಸರಿಪಡಿಸಬಹುದಾದದ್ದು. ದೃಷ್ಟಿ ಕುಂದಿದವರಲ್ಲಿ ಬೀಳುವುದೂ ಹೆಚ್ಚಿತ್ತು. ಪೊರೆ ತೆಗೆಸಿದರೆ ಬೀಳುವುದು ಕಡಿಮೆಯಾದೀತೇ ಎಂಬುದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ಪ್ರಯೋಗವೊಂದು 2005ರಲ್ಲೇ ಉತ್ತರ ಕೊಟ್ಟಿದೆ: ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ತಡಮಾಡದೆ ಮಾಡಿಸಿಕೊಂಡ ಹೆಂಗಸರಲ್ಲಿ ಬೀಳುವುದು ಮೂರನೇ ಒಂದು ಭಾಗದಷ್ಟು ಇಳಿಯಿತು. "ಪೊರೆ ಇನ್ನೂ ಹಣ್ಣಾಗಲಿ" ಎಂದು ಕಾಯುವ ಹಳೆಯ ಮಾತನ್ನು ಬಿಟ್ಟುಬಿಡಬೇಕು. ಒಂದು ಎಚ್ಚರವಿದೆ. ಓದಲೂ ನೋಡಲೂ ಒಂದೇ ಗಾಜಿರುವ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿದರೆ, ಕೆಳಗೆ ನೋಡುವಾಗ ಓದುವ ಭಾಗ ಅಡ್ಡ ಬಂದು ಮೆಟ್ಟಿಲ ಅಂಚು ಮಸುಕಾಗುತ್ತದೆ. ಹೊರಗೆ ಹೆಚ್ಚು ಓಡಾಡುವವರು ನಡೆಯಲೆಂದೇ ದೂರದೃಷ್ಟಿಯ ಬೇರೆ ಕನ್ನಡಕ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸ ಕನ್ನಡಕ ಬಂದ ಮೊದಲ ದಿನಗಳಲ್ಲಿ ಅವಸರ ಮಾಡಬಾರದು.

ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಇಷ್ಟೇ ಹೇಳುತ್ತೇನೆ: ನರ ಸತ್ತ ಅಂಗಾಲಿಗೆ ನೆಲ ಎಲ್ಲಿದೆ ಎಂದೇ ತಿಳಿಯದು. ಅಂಥ ಕಾಲಿಗೆ ಹವಾಯಿ ಚಪ್ಪಲಿ ಶತ್ರು. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು, ಮನೆಯೊಳಗೂ.

ಕುಸಿಯುವುದು ಇವೆಲ್ಲಕ್ಕಿಂತ ಬೇರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಏಳುತ್ತಾರೆ. ಮಲಗಿದವರು ತಟ್ಟನೆ ನಿಂತಾಗ ರಕ್ತ ಕಾಲಿಗಿಳಿಯುತ್ತದೆ. ಹರೆಯದ ಮೈ ಕ್ಷಣಾರ್ಧದಲ್ಲಿ ನಾಳಗಳನ್ನು ಬಿಗಿಹಿಡಿದು ಅದನ್ನು ಮೇಲಕ್ಕೆ ಕಳಿಸುತ್ತದೆ. ಮುಪ್ಪಿನ ಮೈಗೆ ಅಷ್ಟು ಚುರುಕಿಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20 ಅಂಕ ಇಳಿದರೆ ಅದೊಂದು ಕಾಯಿಲೆಯೇ. ಬಿ.ಪಿ. ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಗಂಡಸರಿಗೆ ಪ್ರಾಸ್ಟೇಟಿನ ಮಾತ್ರೆ, ಎಲ್ಲ ಸೇರಿ ಅದನ್ನು ಇನ್ನಷ್ಟು ಇಳಿಸುತ್ತವೆ. ಕೂತು ನೋಡಿದ ಬಿ.ಪಿ. ಸರಿಯಿದೆ ಎಂದು ಡಾಕ್ಟರು ಮನೆಗೆ ಕಳಿಸುತ್ತಾರೆ. ನಿಲ್ಲಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಮುಂದಿನ ಸಲ ಹೋದಾಗ "ನಿಂತುಕೊಂಡೂ ಒಮ್ಮೆ ನೋಡಿರಿ" ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ.

ನಿದ್ದೆ ಮಾತ್ರೆಯದು ಇನ್ನೂ ದೊಡ್ಡ ಕಥೆ. ಯಾವತ್ತೋ ಯಾರೋ ಬರೆದುಕೊಟ್ಟ ಚೀಟಿ, ಅದೇ ಚೀಟಿಯ ಮೇಲೆ ವರ್ಷಗಟ್ಟಲೆ ತರುವ ಸಣ್ಣ ಮಾತ್ರೆ. ನ್ಯೂಜಿಲೆಂಡಿನಲ್ಲಿ 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಿದ್ದೆ ಮತ್ತು ಮನಸ್ಸಿನ ಮಾತ್ರೆಗಳನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದವರಲ್ಲಿ ಬೀಳುವುದು ಮೂರರಲ್ಲಿ ಎರಡು ಭಾಗದಷ್ಟು ಇಳಿಯಿತು. ನಿಧಾನವಾಗಿ ಎಂಬುದನ್ನು ಒತ್ತಿ ಹೇಳುತ್ತೇನೆ. ಇಂಥ ಮಾತ್ರೆಯನ್ನು ತಾವಾಗಿ ಒಂದೇ ದಿನ ಬಿಟ್ಟರೆ ಬೇರೆ ಅಪಾಯಗಳಿವೆ, ವೈದ್ಯರ ಕೈಯಲ್ಲೇ ಆಗಬೇಕು. ವೈದ್ಯರ ಬಳಿ ಹೋಗುವಾಗ ಚೀಟಿ ಒಯ್ಯಬೇಡಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಡಿ ಜೀವಸತ್ವದ ಬಗ್ಗೆಯೂ ಒಂದು ಮಾತು. ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಹಾಲಲ್ಲಿ ಕದಡಿ ಕುಡಿದರೆ ಮೂಳೆ ಗಟ್ಟಿ, ಬೀಳುವುದಿಲ್ಲ ಎಂಬ ನಂಬಿಕೆ ಈಗ ಮನೆಮನೆಗೂ ಬಂದಿದೆ. ಕೊರತೆ ಇದ್ದವರಿಗೆ ಅದು ಬೇಕು. ಆದರೆ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅವರು ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

ಹಾಗಾದರೆ ಮೈಯನ್ನು ಗಟ್ಟಿಮಾಡುವುದು ಯಾವುದು? ಉತ್ತರ ಸರಳವಾಗಿದೆ, ಆದರೆ ನಾವು ಅಂದುಕೊಂಡಂತಿಲ್ಲ. ಬೆಳಿಗ್ಗೆ ಇಂದಿರಾ ಪಾರ್ಕಿಗೋ ಉಸ್ಮಾನಿಯಾ ಕ್ಯಾಂಪಸ್ಸಿಗೋ ಹೋದರೆ ನೂರಾರು ಹಿರಿಯರು ನಡೆಯುತ್ತಿರುತ್ತಾರೆ. ಗುಂಡಿಗೆಗೆ, ಸಕ್ಕರೆಗೆ, ಮನಸ್ಸಿಗೆ ಅದು ಒಳ್ಳೆಯದೇ. ಬೀಳುವುದನ್ನು ತಡೆಯಲು ಮಾತ್ರ ಬರೀ ನಡಿಗೆ ಸಾಲದು. 2019ರ ಕಾಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ಹಿರಿಯರನ್ನು ಒಳಗೊಂಡದ್ದು. ವ್ಯಾಯಾಮದಿಂದ ಬೀಳುವುದು ನೂರಕ್ಕೆ 23ರಷ್ಟು ಕಡಿಮೆಯಾಗುತ್ತದೆ ಎಂದು ಅದು ಕಂಡುಕೊಂಡಿತು. ಆ ಲಾಭ ಬಂದದ್ದು ಮುಖ್ಯವಾಗಿ ಆಯ ಹಿಡಿಯುವ ಅಭ್ಯಾಸದಿಂದ, ಅದರ ಜೊತೆ ಕಾಲಿನ ಸ್ನಾಯುಗಳಿಗೆ ಭಾರ ಕೊಡುವ ಕಸರತ್ತಿನಿಂದ. ಎರಡೂ ಕೂಡಿದರೆ 34ರಷ್ಟು. ಮೈ ಸ್ವಲ್ಪ ತೂಗಾಡುವಂಥ ಸ್ಥಿತಿಗೆ ಹೋಗಿ ಮತ್ತೆ ಸರಿಯಾಗಿ ನಿಲ್ಲುವುದನ್ನು ದಿನವೂ ಕಲಿಸಿದರೆ ಮಾತ್ರ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಸಿಡ್ನಿಯ ಸಂಶೋಧಕರು ಇದನ್ನು ದಿನದ ಕೆಲಸದೊಳಗೇ ಹೆಣೆದು ನೋಡಿದರು, 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಬೀಳುವುದು ನೂರಕ್ಕೆ 31ರಷ್ಟು ಇಳಿಯಿತು. ನಮ್ಮ ಅಡುಗೆಮನೆಗೆ ಅದು ಹೊಂದಿಕೊಳ್ಳುವಷ್ಟು ಜಿಮ್ಮಿಗೂ ಹೊಂದಿಕೊಳ್ಳದು. ಕಟ್ಟೆಯ ಅಂಚು ಹಿಡಿದು ಒಂದು ಕಾಲ ಮೇಲೆ ನಿಂತು ತೊಗರಿಬೇಳೆ ಆರಿಸಬಹುದು. ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು ಸಾಲಾಗಿ ನಿಂತು ಹಲ್ಲುಜ್ಜಬಹುದು. ಕೆಳಗಿನ ಡಬ್ಬಿ ತೆಗೆಯುವಾಗ ಸೊಂಟ ಬಗ್ಗಿಸುವ ಬದಲು ಮಂಡಿ ಮಡಿಸಬಹುದು. ಕುರ್ಚಿಯಿಂದ ಕೈ ಊರದೆ ಎದ್ದು, ಮತ್ತೆ ನಿಧಾನವಾಗಿ ಕೂರಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದ ತಲೆಮಾರಿಗೆ ಇದು ಹೊಸದಲ್ಲ. ಡೈನಿಂಗ್ ಟೇಬಲ್ಲು, ಸೋಫಾ, ಕಮೋಡು ಬಂದ ಮೇಲೆ ತೊಡೆಗೆ ಆ ಕೆಲಸ ತಪ್ಪಿತು. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಬ್ಬ ವಯಸ್ಕರಿಗೆ ದಿನಕ್ಕೆ, ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ರಾತ್ರಿ ಎರಡು ಬಿಸ್ಕಿಟ್ಟು ಹಾಲಿನಲ್ಲೇ ಊಟ ಮುಗಿಸುವ ನಮ್ಮ ಮನೆಯ ಹಿರಿಯರಿಗೆ ಅಷ್ಟು ಸಿಗುವುದು ಕಷ್ಟ. ಬೇಳೆ, ಮೊಸರು, ಕಾಳು, ತಿನ್ನುವವರಿಗೆ ಮೊಟ್ಟೆ, ಇವು ತಟ್ಟೆಗೆ ಬರದೆ ಕಸರತ್ತೊಂದೇ ಸ್ನಾಯು ಕಟ್ಟಲಾರದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕುರ್ಚಿಯ ಮೇಲೆ ಕೂರಿಸಿ. ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಗೆರೆ ಹಾಕಿ. ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಲಿ, ಪಕ್ಕದಲ್ಲಿ ಯಾರಾದರೂ ನಿಂತಿರಲಿ. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಅತ್ತೆಗೆ 15 ಸೆಕೆಂಡು ಬೇಕಾಯಿತು. ತಿರುಗುವಾಗ ಆರು ಪುಟ್ಟ ಹೆಜ್ಜೆ ಇಟ್ಟದ್ದನ್ನು ನಾನು ಎಣಿಸಿದೆ.

ಬೀಳುವ ಭಯ ತಾನೇ ಒಂದು ಕಾಯಿಲೆ. 1988ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ ಪ್ರಕಟಿಸಿದ ಅಧ್ಯಯನ ಈ ವಿಷಯದ ಮೂಲ ಗ್ರಂಥದಂತಿದೆ. 75 ದಾಟಿ ಸ್ವಂತ ಮನೆಗಳಲ್ಲಿದ್ದ 336 ಜನರಲ್ಲಿ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಬಿದ್ದಿದ್ದರು. ಬಿದ್ದವರಲ್ಲಿ ಕಾಲುಭಾಗದಷ್ಟು ಜನ ಭಯದಿಂದ ಮೊದಲು ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದರು. ಹೊರಗೆ ಹೋಗುವುದು ಬಿಟ್ಟರೆ ಕಾಲು ಸೊರಗುತ್ತದೆ, ಕಾಲು ಸೊರಗಿದರೆ ಮನೆಯೊಳಗೇ ಬೀಳುತ್ತಾರೆ. "ಎಲ್ಲೂ ಹೋಗಬೇಡ" ಎಂಬ ಮಗನ ಪ್ರೀತಿ ಮಾಡುವ ಕೆಲಸವೂ ಇದೇ. ಈ ಕಾರಣಕ್ಕಾಗಿಯೇ ನನಗೆ ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯ ಬಗ್ಗೆ ಗೌರವ. 2023ರ ಡಿಸೆಂಬರ್ 9ರಿಂದ ಹೆಂಗಸರಿಗೆ ಆರ್‌ಟಿಸಿ ಬಸ್ಸು ಉಚಿತವಾದಾಗ ಅತ್ತೆಯಂಥವರು ಮತ್ತೆ ಮನೆಯಿಂದ ಹೊರಬಿದ್ದರು. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮಂಡಿಯೆತ್ತರ, ಗದ್ದಲ ಬೇರೆ, ಹತ್ತುವಷ್ಟರಲ್ಲೇ ಬಸ್ಸು ಹೊರಟಿರುತ್ತದೆ. ಟಿಕೆಟ್ಟಿನ ಹಣ ಉಳಿಸಿಕೊಟ್ಟ ಸರ್ಕಾರ ಮೆಟ್ಟಿಲನ್ನೂ ಒಂದಿಷ್ಟು ಇಳಿಸಬೇಕು.

ಬಿದ್ದೇ ಬಿಟ್ಟರೆ? ತಕ್ಷಣ ರಟ್ಟೆ ಹಿಡಿದು ಎಳೆದು ಎಬ್ಬಿಸಬಾರದು. ಒಂದು ನಿಮಿಷ ಮಲಗಲಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ತೊಡೆಸಂದಿಯಲ್ಲಿ ಬಹಳ ನೋವಿದ್ದರೆ, ಕದಲಿಸದೆ 108ಕ್ಕೆ ಫೋನ್ ಮಾಡಬೇಕು. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ, ಏನೂ ಆಗಿಲ್ಲವೆಂದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ಆಗಿರದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಟ್ಟು ಗಟ್ಟಿ ಕುರ್ಚಿಯ ತನಕ ಹೋಗಿ, ಅದರ ಮೇಲೆ ಕೈಯೂರಿ ಒಂದು ಮಂಡಿ ಮೇಲೆತ್ತಿ ಏಳುವುದನ್ನು ಮೊದಲೇ ಕಲಿತಿರಬೇಕು. ಪೆಟ್ಟಾಗದೆಯೂ ಏಳಲಾರದೆ ಗಂಟೆಗಟ್ಟಲೆ ತಣ್ಣನೆಯ ನೆಲದಲ್ಲಿ ಬಿದ್ದಿದ್ದವರು ಎಷ್ಟೋ ಜನ. ಬಚ್ಚಲಿಗೆ ಒಳಚಿಲಕ ಹಾಕದಿರುವುದು, ಫೋನನ್ನು ಕೊರಳಿಗೆ ಹಾಕಿಕೊಳ್ಳುವುದು ಅದಕ್ಕೇ.

ನಮ್ಮ ಕಡೆ "ಟೊಂಕ ಮುರೀತು" ಎನ್ನುತ್ತೇವೆ. ಮುರಿಯುವುದು ಹೆಚ್ಚಾಗಿ ತೊಡೆಮೂಳೆಯ ಕತ್ತು. ಹೈದರಾಬಾದಿನ ಗೋಡೆಗೋಡೆಗೂ ಮೂಳೆ ಕೂಡಿಸುವ ಪುತ್ತೂರು ಕಟ್ಟಿನ ಬೋರ್ಡುಗಳಿವೆ, ತಿರುಪತಿ ಕಡೆಯ ಆ ಊರಿನ ಹೆಸರಿನ ಮೇಲೆ ಜನರಿಗೆ ತಲೆಮಾರುಗಳ ವಿಶ್ವಾಸ. ತೊಡೆಮೂಳೆಯ ಕತ್ತಿನ ವಿಷಯದಲ್ಲಿ ಮಾತ್ರ ಆ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಕತ್ತು ಮುರಿದಾಗ ಮೂಳೆಯ ತಲೆಗೆ ಹೋಗುವ ರಕ್ತವೇ ನಿಲ್ಲಬಹುದು, ಹೊರಗಿನಿಂದ ಎಷ್ಟು ಬಿಗಿದರೂ ಕೂಡಿಕೊಳ್ಳದು. ಬಂದ ದಿನ ಅಥವಾ ಮರುದಿನ ಶಸ್ತ್ರಚಿಕಿತ್ಸೆ, ಅದರ ಮರುದಿನ ಎಬ್ಬಿಸಿ ನಿಲ್ಲಿಸುವುದು, ಇದು ಈಗ ಜಗತ್ತು ಒಪ್ಪಿದ ಕ್ರಮ. ಹಾಸಿಗೆ ಹಿಡಿದರೆ ಶ್ವಾಸಕೋಶದ ಸೋಂಕು, ಬೆನ್ನಹುಣ್ಣು, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಕಾದಿರುತ್ತವೆ. ಹೀಗೆ ಮುರಿದುಕೊಂಡ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷ ಕಾಣುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆ ಹುಟ್ಟಿದ್ದೇ 1960ರ ದಶಕದಲ್ಲಿ ನಿಜಾಮರ ಟ್ರಸ್ಟಿನ ಮೂಳೆ ಆಸ್ಪತ್ರೆಯಾಗಿ. ಮುರಿದದ್ದನ್ನು ಕೂಡಿಸುವ ವಿದ್ಯೆಗೆ ಈ ಊರಲ್ಲಿ ಬರವಿಲ್ಲ.

ಬರವಿರುವುದು ಮುರಿಯುವ ಮೊದಲಿನ ಕೆಲಸಕ್ಕೆ. ತೆಲಂಗಾಣದ ಆರೋಗ್ಯಶ್ರೀ ಚಿಕಿತ್ಸಾ ಯೋಜನೆಯ ಮಿತಿಯನ್ನು 2023ರ ಡಿಸೆಂಬರ್ 9ರಂದು 10 ಲಕ್ಷ ರೂಪಾಯಿಗೆ ಏರಿಸಿದರು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ 5 ಲಕ್ಷದ ಆಸ್ಪತ್ರೆ ವೆಚ್ಚದ ಯೋಜನೆ ತಂದಿತು. ಒಳ್ಳೆಯದೇ. ಆದರೆ ಲಕ್ಷಾಂತರ ರೂಪಾಯಿಯ ಕೀಲಿಗೆ ಹಣ ಇದೆ, ಅದು ಬೇಡವಾಗುವಂತೆ ಮಾಡುವ ಸಾವಿರ ರೂಪಾಯಿಯ ಕಂಬಿಗೆ ಇಲ್ಲ. ಹಿರಿಯರ ಸಹಾಯವಾಣಿ 14567 ಇವತ್ತು ಇಡೀ ದೇಶಕ್ಕಿದೆ. ಅದರ ಬೀಜ ಬಿದ್ದದ್ದು 2017ರಲ್ಲಿ, ಟಾಟಾ ಟ್ರಸ್ಟ್ಸ್ ಹೈದರಾಬಾದಿನಲ್ಲಿ ಶುರುಮಾಡಿದ ಸೇವೆಯಿಂದ. ಈ ಊರಿಂದ ಹೊರಟದ್ದು ದೇಶವೆಲ್ಲ ಹಬ್ಬಬಲ್ಲದು ಎಂಬುದಕ್ಕೆ ಅದೊಂದು ಸಾಕ್ಷಿ. ಬಡಾವಣೆಯ ಸಂಘಗಳು, ಕಾಚಿಗುಡದ ಸಾಹಿತ್ಯ ಮಂದಿರದಂಥ ಜಾಗಗಳು, ಗುಡಿಯ ಸಭಾಮಂಟಪಗಳು ವಾರಕ್ಕೆರಡು ದಿನ ಒಬ್ಬ ಫಿಜಿಯೋಥೆರಪಿಸ್ಟನ್ನು ಕರೆಸಿ ಹಿರಿಯರಿಗೆ ಆಯ ಹಿಡಿಯುವ ಕಸರತ್ತು ಕಲಿಸಬಹುದು. ಇಪ್ಪತ್ತು ಕುರ್ಚಿ ಮತ್ತು ಒಂದು ಗಂಟೆ ಹೊತ್ತು ಇದ್ದರೆ ಸಾಕು.

ಅತ್ತೆಯ ಮಾತನ್ನು ನಾನು ಮೀರಿದೆ. ಆ ಸಂಜೆ ಅವರೆದುರಿಗೇ ಮಗನಿಗೆ ಹೇಳಿದೆ, ಬೈಯಬಾರದು ಎಂಬ ಕರಾರಿನ ಮೇಲೆ. ಅವನ ಬಾಯಿಗೆ "ಯಾರು ಹೇಳಿದ್ದು ನಿಂಗ" ಎಂಬ ಮಾತು ಬಂದದ್ದು ಕಂಡೆ, ನುಂಗಿಕೊಂಡದ್ದೂ ಕಂಡೆ. ಭಾನುವಾರ ಡ್ರಿಲ್ಲಿನವನು ಬಂದ, ಪೆನ್ಸಿಲ್ ಗುರುತಿನ ಮೂರೂ ಕಡೆ ಕಂಬಿ ಕೂತವು. ಸ್ಟೂಲು ಬಂತು. ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ತಾನಾಗಿ ಹತ್ತುವ ಎರಡು ಸಣ್ಣ ದೀಪ ಬಂದವು. ಬಸ್ಸು ಹತ್ತಿ ಕಾಚಿಗುಡಕ್ಕೆ ಹೋಗುವುದು ನಿಲ್ಲಲಿಲ್ಲ.

ಕಳೆದ ವಾರ ಅತ್ತೆಯ ಫೋನು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಒಂದು ಕಾಲ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರೇ ಶುರುಮಾಡಿದರು.

"ನಿನ್ನಿ ಬಿದ್ನೋ."

ನನ್ನ ಎದೆ ಧಸಕ್ಕೆಂದಿತು.

"ಜಾರಿಲ್ಲ ನೋಡ ಮತ್ತ. ಎಡವೀನಿ. ಹೊರಗಿನ ಕಾಲೊರಸದ ಅಂಚು ಮ್ಯಾಲೆದ್ದಿತ್ತು. ಕಂಬಿ ಸಿಕ್ತು, ಮಂಡೀ ಊರಿದೆ ಅಷ್ಟ. ಅವಂಗ ಆಗಳೇ ಹೇಳೀನಿ. ತಗದು ಒಗದಾನ ಅದನ್ನ."